ಅಂತರಜಾಲದ ಮೂಲಕ ಸೇವೆಗಳಿಗೆ ಅರ್ಜಿ ಸಲ್ಲಿಸುವವರಿಗೆ ಗಣಕಯಂತ್ರ ಬಳಕೆಯ ಉಪಯುಕ್ತ ಸೂಚನೆಗಳು

(ಮಂಚೇನಹಳ್ಳಿ ತಾಲ್ಲೂಕಿನ ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಪಹಣಿ, ಜಾತಿ ಹಾಗೂ ಆದಾಯ ಪ್ರಮಾಣ ಪತ್ರ, ಋಣಭಾರ ಪ್ರಮಾಣ ಪತ್ರ, ವಿದ್ಯಾರ್ಥಿವೇತನ, ಸಾಮಾಜಿಕ ಭದ್ರತಾ ಪಿಂಚಣಿ ಮುಂತಾದ ಸೇವೆಗಳಿಗೆ ಈಗ ಗಣಕಯಂತ್ರದ ಮೂಲಕವೇ ಅರ್ಜಿ ಸಲ್ಲಿಸಲಾಗುತ್ತಿದೆ. ರಾಜ್ಯದಲ್ಲಿ ಈ ಬದಲಾವಣೆಗೆ 2000ರ ದಶಕದ ಆರಂಭದಲ್ಲಿ ಜಾರಿಗೆ ಬಂದ 'ಭೂಮಿ' ಯೋಜನೆಯು ನಾಂದಿ ಹಾಡಿತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಆಗ ಗಣಕೀಕರಣಗೊಳಿಸಲಾಯಿತು. ಅಂದು ಗಣಕಯಂತ್ರವು ತಾಲ್ಲೂಕು ಕಚೇರಿಯ ಕಿಟಕಿಯ ಒಳಗಡೆ ಇತ್ತು, ರೈತರು ಹೊರಗಡೆ ನಿಂತು ಮುದ್ರಿತ ಪ್ರತಿಯನ್ನು ಪಡೆಯುತ್ತಿದ್ದರು. ಇಂದು ಭೂದಾಖಲೆಗಳ ಜಾಲತಾಣ, ನಾಡಕಚೇರಿ, ಸೇವಾ ಸಿಂಧು, ಕಾವೇರಿ 2.0 ಇವುಗಳ ಮೂಲಕ ಅರ್ಜಿದಾರರೇ ವಿವರಗಳನ್ನು ನಮೂದಿಸಬಹುದಾಗಿದೆ. ಆದ್ದರಿಂದ ನಮೂದಿಸುವಾಗ ಆಗುವ ತಪ್ಪಿನ ಪರಿಣಾಮವೂ ಅರ್ಜಿದಾರರ ಮೇಲೆಯೇ ಬೀಳುತ್ತದೆ.

ಎಲ್ಲರ ಮನೆಯಲ್ಲಿಯೂ ಗಣಕಯಂತ್ರವಿರುವುದಿಲ್ಲ. ಅನೇಕರು ಸೈಬರ್ ಸೆಂಟರ್, ಜೆರಾಕ್ಸ್ ಅಂಗಡಿ, ಗ್ರಾಮ ಒನ್ ಕೇಂದ್ರ ಅಥವಾ ಪರಿಚಯಸ್ಥರ ಮೊಬೈಲ್ ದೂರವಾಣಿಯನ್ನು ಅವಲಂಬಿಸುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಗಣಕಯಂತ್ರವು ಬೇರೆಯವರದಾಗಿದ್ದರೂ ಅರ್ಜಿಯು ಅರ್ಜಿದಾರರದೇ ಆಗಿರುತ್ತದೆ. ಸರಿಯಾದ ಹೆಸರು, ಮೂಲ ದಾಖಲೆ, ಮೊಬೈಲ್ ಸಂಖ್ಯೆ, ಗುಪ್ತಪದ ಮತ್ತು ಸ್ವೀಕೃತಿ ಸಂಖ್ಯೆ ಈ ಐದೂ ಸದಾ ಅರ್ಜಿದಾರರ ಸ್ವಾಧೀನದಲ್ಲಿಯೇ ಇರತಕ್ಕದ್ದು. ಈ ಉದ್ದೇಶಕ್ಕೆ ನೆರವಾಗುವ ಸರಳ ಸೂಚನೆಗಳನ್ನು ಈ ಕೆಳಗೆ ನೀಡಲಾಗಿದೆ.

2. ಅರ್ಜಿ ಆರಂಭಿಸುವ ಮುನ್ನ

2.1 ಹೆಸರು. ಅರ್ಜಿಯಲ್ಲಿನ ಹೆಸರನ್ನು ಆಧಾರ್, ಬ್ಯಾಂಕ್ ಖಾತೆ, ಪಹಣಿ ಅಥವಾ ಅಂಕಪಟ್ಟಿಯಲ್ಲಿರುವ ಹೆಸರಿನೊಂದಿಗೆ ಗಣಕಯಂತ್ರವು ಅಕ್ಷರಶಃ ಹೋಲಿಸಿ ನೋಡುತ್ತದೆ. ಕನ್ನಡ ಮತ್ತು ತೆಲುಗು ಎರಡೂ ಬಳಕೆಯಲ್ಲಿರುವ ಈ ಭಾಗದಲ್ಲಿ ಒಂದೇ ಹೆಸರನ್ನು ಹಲವು ರೀತಿಯಲ್ಲಿ ಬರೆಯುವ ರೂಢಿಯಿದೆ. ವೆಂಕಟರಮಣಪ್ಪ ಮತ್ತು ವೆಂಕಟರವಣಪ್ಪ, ಮುನಿಸ್ವಾಮಪ್ಪ ಮತ್ತು ಮುನಿಶಾಮಪ್ಪ ಇವು ಊರಿನವರಿಗೆ ಒಂದೇ ಹೆಸರಾದರೂ ಗಣಕಯಂತ್ರಕ್ಕೆ ಬೇರೆ ಬೇರೆ ಹೆಸರುಗಳಾಗಿರುತ್ತವೆ. ಅಶ್ವತ್ಥಪ್ಪ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಎಸ್ ನಂತರ ಎಚ್ ಇರುವುದು ಅಥವಾ ಇಲ್ಲದಿರುವುದು, ಟಿ ಅಕ್ಷರ ಒಂದಿರುವುದು ಅಥವಾ ಎರಡಿರುವುದು ಸಹ ವ್ಯತ್ಯಾಸವೆಂದೇ ಪರಿಗಣಿತವಾಗುತ್ತದೆ. ಆದುದರಿಂದ ಎಲ್ಲ ದಾಖಲೆಗಳಲ್ಲಿ ಹೆಸರು ಹೇಗಿದೆ ಎಂಬುದನ್ನು ಮೊದಲು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಲಿಸುವುದು. ವ್ಯತ್ಯಾಸ ಕಂಡುಬಂದಲ್ಲಿ ಕೊನೆಯ ದಿನಾಂಕ ಸಮೀಪಿಸುವುದಕ್ಕೆ ಮೊದಲೇ ತಿದ್ದುಪಡಿಗೆ ಕ್ರಮ ಕೈಗೊಳ್ಳುವುದು.

2.2 ಇನಿಷಿಯಲ್, ಬಿನ್ ಮತ್ತು ಕೋಂ. ಕಂದಾಯ ದಾಖಲೆಗಳಲ್ಲಿ ತಂದೆಯ ಹೆಸರಿಗೆ ಮುನ್ನ 'ಬಿನ್' ಎಂದೂ ಗಂಡನ ಹೆಸರಿಗೆ ಮುನ್ನ 'ಕೋಂ' ಎಂದೂ ಬರೆಯಲಾಗಿರುತ್ತದೆ. ಇವು ಹೆಸರಿನ ಭಾಗಗಳಲ್ಲ. ಅರ್ಜಿಯಲ್ಲಿ ತಂದೆ ಅಥವಾ ಗಂಡನ ಹೆಸರಿಗೆ ಪ್ರತ್ಯೇಕ ಅಂಕಣವಿದ್ದಲ್ಲಿ ಅರ್ಜಿದಾರರ ಹೆಸರಿನ ಅಂಕಣದಲ್ಲಿ ಹೆಸರನ್ನು ಮಾತ್ರ ನಮೂದಿಸುವುದು. ಇನಿಷಿಯಲ್ ಹೆಸರಿನ ಮೊದಲಿಗಿದೆಯೇ ಕೊನೆಗಿದೆಯೇ ಎಂಬುದನ್ನು ಆಧಾರ್‌ನಲ್ಲಿ ನೋಡಿ ಅದರಂತೆಯೇ ನಮೂದಿಸುವುದು.

2.3 ತಾಲ್ಲೂಕು ಮತ್ತು ಜಿಲ್ಲೆ. ಚಿಕ್ಕಬಳ್ಳಾಪುರ ಜಿಲ್ಲೆಯು 2007ರಲ್ಲಿ ಕೋಲಾರ ಜಿಲ್ಲೆಯಿಂದ ಪ್ರತ್ಯೇಕಗೊಂಡು ರಚನೆಯಾಯಿತು. ಮಂಚೇನಹಳ್ಳಿಯು ಮೊದಲು ಗೌರಿಬಿದನೂರು ತಾಲ್ಲೂಕಿನ ಹೋಬಳಿಯಾಗಿದ್ದು, ನಂತರ ಪ್ರತ್ಯೇಕ ತಾಲ್ಲೂಕಾಯಿತು. ಆದ ಕಾರಣ ಒಂದೇ ಕುಟುಂಬದ ಹಳೆಯ ಕ್ರಯಪತ್ರದಲ್ಲಿ ಕೋಲಾರ ಜಿಲ್ಲೆಯೆಂದೂ, ನಂತರದ ದಾಖಲೆಯಲ್ಲಿ ಗೌರಿಬಿದನೂರು ತಾಲ್ಲೂಕೆಂದೂ, ಹೊಸ ದಾಖಲೆಯಲ್ಲಿ ಮಂಚೇನಹಳ್ಳಿ ತಾಲ್ಲೂಕೆಂದೂ ಇರುವುದು ಸಹಜ. ಜಾಲತಾಣದ ಆಯ್ಕೆ ಪಟ್ಟಿಯಲ್ಲಿ ತಮ್ಮ ಗ್ರಾಮವು ಹೊಸ ತಾಲ್ಲೂಕಿನಡಿ ಕಾಣದಿದ್ದಲ್ಲಿ ಗೌರಿಬಿದನೂರು ತಾಲ್ಲೂಕಿನಡಿಯೂ ಹುಡುಕಿ ನೋಡುವುದು. ಗ್ರಾಮ ಸಿಗಲಿಲ್ಲವೆಂದು ಪಕ್ಕದ ಗ್ರಾಮವನ್ನು ಆಯ್ಕೆ ಮಾಡಬಾರದು. ಹಾಗೆ ಮಾಡಿದಲ್ಲಿ ಅರ್ಜಿಯು ಬೇರೊಬ್ಬ ಗ್ರಾಮ ಆಡಳಿತಾಧಿಕಾರಿಯ ಕಡತಕ್ಕೆ ಹೋಗುವ ಸಂಭವವಿರುತ್ತದೆ.

2.4 ಜಮೀನಿನ ವಿಸ್ತೀರ್ಣ. ಪಹಣಿಯಲ್ಲಿ ವಿಸ್ತೀರ್ಣವನ್ನು ಎಕರೆ, ಗುಂಟೆ, ಆಣೆಗಳಲ್ಲಿ ಬರೆಯಲಾಗಿರುತ್ತದೆ. 1 ಎಕರೆಗೆ 40 ಗುಂಟೆ, 1 ಗುಂಟೆಗೆ 16 ಆಣೆ. ಪಹಣಿಯಲ್ಲಿ 2.20 ಎಂದಿದ್ದರೆ ಅದು 2 ಎಕರೆ 20 ಗುಂಟೆ, ಅಂದರೆ ಎರಡೂವರೆ ಎಕರೆ. ಅರ್ಜಿಯಲ್ಲಿ ಎಕರೆಯನ್ನು ದಶಮಾಂಶದಲ್ಲಿ ಕೇಳಿದ್ದಲ್ಲಿ 2.50 ಎಂದು ನಮೂದಿಸತಕ್ಕದ್ದು. ಗುಂಟೆಯ ಸಂಖ್ಯೆಯನ್ನು 40ರಿಂದ ಭಾಗಿಸಿದರೆ ದಶಮಾಂಶ ದೊರೆಯುತ್ತದೆ (10 ಗುಂಟೆಗೆ 0.25, 30 ಗುಂಟೆಗೆ 0.75). ಹೆಕ್ಟೇರ್ ಕೇಳಿದ್ದಲ್ಲಿ ಎಕರೆಯನ್ನು 2.47ರಿಂದ ಭಾಗಿಸುವುದು. ಸರ್ವೆ ನಂಬರ್ 45/2 ಎಂದಿದ್ದರೆ 45 ಎಂಬುದು ಸರ್ವೆ ನಂಬರ್, 2 ಎಂಬುದು ಹಿಸ್ಸಾ. ಇವುಗಳಿಗೆ ಬೇರೆ ಬೇರೆ ಅಂಕಣಗಳಿರುವಲ್ಲಿ ಬೇರೆ ಬೇರೆಯಾಗಿಯೇ ನಮೂದಿಸುವುದು.

2.5 ದಿನಾಂಕ. ಕೆಲವು ಅರ್ಜಿಗಳಲ್ಲಿ ದಿನ ಮೊದಲು, ಕೆಲವುಗಳಲ್ಲಿ ತಿಂಗಳು ಮೊದಲು ಬರುತ್ತದೆ. 05/08 ಎಂಬುದು ಆಗಸ್ಟ್ 5 ಆಗಬಹುದು, ಮೇ 8 ಸಹ ಆಗಬಹುದು. ಅಂಕಣದ ಪಕ್ಕದಲ್ಲಿ ತೋರಿಸಿರುವ ಮಾದರಿಯನ್ನು ಗಮನಿಸುವುದು. ಕ್ಯಾಲೆಂಡರ್ ಚಿತ್ರವಿದ್ದಲ್ಲಿ ಅದನ್ನೇ ಒತ್ತಿ ದಿನಾಂಕವನ್ನು ಆಯ್ಕೆ ಮಾಡುವುದು ಉತ್ತಮ.

3. ಕನ್ನಡದಲ್ಲಿ ಬೆರಳಚ್ಚು ಮಾಡುವ ಬಗ್ಗೆ

3.1 ಯುನಿಕೋಡ್ ಬಳಸುವುದು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ 'ನುಡಿ' ತಂತ್ರಾಂಶವು ಸರ್ಕಾರಿ ಕಚೇರಿಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಇದರ ಹಳೆಯ ಅಕ್ಷರಶೈಲಿಗಳಲ್ಲಿ ಕನ್ನಡ ಅಕ್ಷರದ ಚಿತ್ರವನ್ನು ಇಂಗ್ಲಿಷ್ ಅಕ್ಷರದ ಸಂಕೇತದ ಮೇಲೆ ಕೂರಿಸಲಾಗಿತ್ತು. ಹಾಗೆ ಬರೆದ ಬರಹವನ್ನು ನಕಲು ಮಾಡಿ ಜಾಲತಾಣದ ಅಂಕಣದಲ್ಲಿ ಅಂಟಿಸಿದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಮೂಡುತ್ತವೆ. ಯುನಿಕೋಡ್ ವ್ಯವಸ್ಥೆಯಲ್ಲಿ ಪ್ರತಿಯೊಂದು ಕನ್ನಡ ಅಕ್ಷರಕ್ಕೂ ಅದರದೇ ಸಂಕೇತವಿರುವುದರಿಂದ ಈ ತೊಂದರೆಯಿರುವುದಿಲ್ಲ. ಆದ್ದರಿಂದ ಅರ್ಜಿಗಳನ್ನು ಯುನಿಕೋಡ್ ಕನ್ನಡದಲ್ಲಿಯೇ ಭರ್ತಿ ಮಾಡತಕ್ಕದ್ದು.

3.2 ಕೀಲಿಮಣೆ. ನುಡಿ ಕೀಲಿಮಣೆಯಲ್ಲಿ ಒತ್ತಕ್ಷರ ಬರೆಯಲು ಎಫ್ ಕೀಲಿಯನ್ನು ಬಳಸಲಾಗುತ್ತದೆ. 'ಕನ್ನಡ' ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ ಕೀಲಿಗಳನ್ನು ಅನುಕ್ರಮವಾಗಿ ಒತ್ತುವುದು. 'ಮಂಚೇನಹಳ್ಳಿ' ಎಂದು ಬರೆಯಲು ಎಂ, ಶಿಫ್ಟ್ ಸಹಿತ ಎಂ, ಸಿ, ಶಿಫ್ಟ್ ಸಹಿತ ಇ, ಎನ್, ಎಚ್, ಶಿಫ್ಟ್ ಸಹಿತ ಎಲ್, ಎಫ್, ಶಿಫ್ಟ್ ಸಹಿತ ಎಲ್, ಐ ಕೀಲಿಗಳನ್ನು ಒತ್ತುವುದು. ವಿಂಡೋಸ್ ಗಣಕಯಂತ್ರದಲ್ಲಿ ಕನ್ನಡ ಕೀಲಿಮಣೆಯನ್ನು ಭಾಷೆಯ ಸೆಟ್ಟಿಂಗ್‌ನಲ್ಲಿ ಸೇರಿಸಿಕೊಂಡಿದ್ದಲ್ಲಿ ವಿಂಡೋಸ್ ಕೀಲಿ ಮತ್ತು ಸ್ಪೇಸ್ ಕೀಲಿಯನ್ನು ಒಟ್ಟಿಗೆ ಒತ್ತಿ ಭಾಷೆಯನ್ನು ಬದಲಾಯಿಸಬಹುದು. ಆದರೆ ಅದರ ಕೀಲಿ ವಿನ್ಯಾಸವು ನುಡಿಗಿಂತ ಭಿನ್ನವಾಗಿರಬಹುದೆಂಬುದನ್ನು ಗಮನಿಸುವುದು.

3.3 ಸೊನ್ನೆ ಮತ್ತು ಅನುಸ್ವಾರ. ಕನ್ನಡದ ಸೊನ್ನೆ ಅಂಕೆ (೦) ಮತ್ತು ಅನುಸ್ವಾರ (ಂ) ಕಣ್ಣಿಗೆ ಹೆಚ್ಚುಕಡಿಮೆ ಒಂದೇ ರೀತಿ ಕಂಡರೂ ಗಣಕಯಂತ್ರಕ್ಕೆ ಬೇರೆ ಬೇರೆ. ಅನುಸ್ವಾರದ ಸ್ಥಾನದಲ್ಲಿ ಸೊನ್ನೆಯನ್ನು ಒತ್ತಿ 'ಮಂಜುನಾಥ' ಎಂದು ಬರೆದಿದ್ದರೆ ಮುದ್ರಿತ ಪ್ರತಿಯಲ್ಲಿ ಸರಿಯಾಗಿಯೇ ಕಾಣುತ್ತದೆ, ಆದರೆ ಹುಡುಕಿದಾಗ ಆ ಹೆಸರು ಸಿಗುವುದಿಲ್ಲ. ಸರಿಯಾದ ಹೆಸರು ಕೊಟ್ಟರೂ 'ದಾಖಲೆ ಲಭ್ಯವಿಲ್ಲ' ಎಂದು ಬಂದಲ್ಲಿ ಈ ಅಂಶವನ್ನೂ ಪರಿಶೀಲಿಸುವುದು.

3.4 ಅಂಕೆಗಳು. ಸರ್ವೆ ನಂಬರ್, ಮೊಬೈಲ್ ಸಂಖ್ಯೆ, ಖಾತೆ ಸಂಖ್ಯೆಗಳನ್ನು ಇಂಗ್ಲಿಷ್ ಅಂಕೆಗಳಲ್ಲಿಯೇ ನಮೂದಿಸುವುದು. ಬ್ಯಾಂಕಿನ ಐಎಫ್‌ಎಸ್‌ಸಿ ಸಂಕೇತವು ಒಟ್ಟು 11 ಅಕ್ಷರ ಮತ್ತು ಅಂಕೆಗಳನ್ನು ಒಳಗೊಂಡಿದ್ದು, ಅದರ 5ನೆಯ ಸ್ಥಾನದಲ್ಲಿರುವುದು ಸೊನ್ನೆಯೇ ಹೊರತು ಇಂಗ್ಲಿಷಿನ ಓ ಅಕ್ಷರವಲ್ಲ.

4. ದಾಖಲೆಗಳ ಸ್ಕ್ಯಾನ್ ಪ್ರತಿ

4.1 ಗಾತ್ರ. ಕಡತವು ನಿಗದಿತ ಕೆ.ಬಿ. ಮಿತಿಯನ್ನು ಮೀರಿದಲ್ಲಿ ಜಾಲತಾಣವು ಅದನ್ನು ಸ್ವೀಕರಿಸುವುದಿಲ್ಲ. 1 ಎಂ.ಬಿ. ಎಂದರೆ 1024 ಕೆ.ಬಿ. ಎ4 ಹಾಳೆಯನ್ನು 200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಸುಮಾರು 1654 × 2339 ಬಿಂದುಗಳ ಚಿತ್ರ ದೊರೆಯುತ್ತದೆ. ಸಾಮಾನ್ಯ ದಾಖಲೆಯನ್ನು ಓದಲು ಇದು ಸಾಕಾಗುತ್ತದೆ. ಚಿತ್ರದ ಅಗಲ ಮತ್ತು ಎತ್ತರ ಎರಡನ್ನೂ ಅರ್ಧಕ್ಕೆ ಇಳಿಸಿದರೆ ಬಿಂದುಗಳ ಸಂಖ್ಯೆ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ವಿಂಡೋಸ್‌ನಲ್ಲಿರುವ ಪೇಂಟ್ ತಂತ್ರಾಂಶದಲ್ಲಿ 'ರೀಸೈಜ್' ಆಯ್ಕೆಯಿಂದ ಇದನ್ನು ಮಾಡಬಹುದು. ಇದಕ್ಕಾಗಿ ಅಪರಿಚಿತ ಜಾಲತಾಣಗಳಿಗೆ ಆಧಾರ್ ಅಥವಾ ಬ್ಯಾಂಕ್ ಪಾಸ್‌ಬುಕ್‌ನ ಪ್ರತಿಯನ್ನು ಕಳುಹಿಸುವ ಅಗತ್ಯವಿಲ್ಲ.

4.2 ಮೊಬೈಲ್‌ನಲ್ಲಿ ಚಿತ್ರ ತೆಗೆಯುವಾಗ. ಹಾಳೆಯನ್ನು ಕಪ್ಪು ಅಥವಾ ಗಾಢ ಬಣ್ಣದ ಸಮತಟ್ಟಾದ ಜಾಗದಲ್ಲಿಟ್ಟು, ಹಗಲು ಬೆಳಕಿನಲ್ಲಿ, ತಮ್ಮ ನೆರಳು ಬೀಳದಂತೆ ನೇರವಾಗಿ ಮೇಲಿನಿಂದ ತೆಗೆಯುವುದು. ನಾಲ್ಕೂ ಮೂಲೆಗಳು, ಮೊಹರು ಮತ್ತು ಸಹಿ ಸ್ಪಷ್ಟವಾಗಿ ಕಾಣತಕ್ಕದ್ದು. ಲ್ಯಾಮಿನೇಷನ್ ಮಾಡಿದ ದಾಖಲೆಗೆ ಫ್ಲ್ಯಾಶ್ ಬಳಸಬಾರದು.

4.3 ವಾಟ್ಸಾಪ್ ಮೂಲಕ ಕಳುಹಿಸುವಾಗ. ಚಿತ್ರವಾಗಿ ಕಳುಹಿಸಿದಲ್ಲಿ ಅದು ಕುಗ್ಗಿ ಅಕ್ಷರಗಳು ಮಸುಕಾಗುತ್ತವೆ. 'ಡಾಕ್ಯುಮೆಂಟ್' ಆಯ್ಕೆಯ ಮೂಲಕ ಕಳುಹಿಸಿದಲ್ಲಿ ಮೂಲ ಗುಣಮಟ್ಟ ಉಳಿಯುತ್ತದೆ. ಅಂಗಡಿಯವರ ವಾಟ್ಸಾಪ್‌ಗೆ ದಾಖಲೆ ಕಳುಹಿಸಿದ್ದಲ್ಲಿ ಕೆಲಸ ಮುಗಿದ ನಂತರ ಅದನ್ನು ಅವರ ದೂರವಾಣಿ ಹಾಗೂ ಗಣಕಯಂತ್ರದಿಂದ ಅಳಿಸುವಂತೆ ಕೋರುವುದು.

4.4 ಕಡತದ ಹೆಸರು. 'ಸ್ಕ್ಯಾನ್ 001' ಎಂಬಂತಹ ಹೆಸರಿನ ಬದಲು ವ್ಯಕ್ತಿಯ ಹೆಸರು, ದಾಖಲೆಯ ಹೆಸರು ಮತ್ತು ವರ್ಷವನ್ನು ಸೇರಿಸಿ ಕಡತಕ್ಕೆ ಹೆಸರಿಡುವುದು. ಮನೆಯಲ್ಲಿ ನಾಲ್ವರು ಅರ್ಜಿದಾರರಿದ್ದಾಗ ಒಬ್ಬರ ಆದಾಯ ಪ್ರಮಾಣ ಪತ್ರವು ಮತ್ತೊಬ್ಬರ ಅರ್ಜಿಗೆ ಸೇರುವುದನ್ನು ಇದು ತಪ್ಪಿಸುತ್ತದೆ.

4.5 ಡಿಜಿಲಾಕರ್. ಕೇಂದ್ರ ಸರ್ಕಾರದ ಡಿಜಿಲಾಕರ್ ವ್ಯವಸ್ಥೆಯು 2015ರಿಂದ ಜಾರಿಯಲ್ಲಿದೆ. ಸಂಬಂಧಪಟ್ಟ ಸಂಸ್ಥೆಯೇ ಅದರಲ್ಲಿ ನೀಡಿರುವ ದಾಖಲೆಗಳು ಮೂಲ ದಾಖಲೆಗಳಿಗೆ ಸಮಾನವಾಗಿರುತ್ತವೆ. ಅರ್ಜಿದಾರರೇ ಸ್ಕ್ಯಾನ್ ಮಾಡಿ ಸೇರಿಸಿದ ಪ್ರತಿಗೆ ಈ ಮಾನ್ಯತೆ ಇರುವುದಿಲ್ಲ. ಈ ವ್ಯತ್ಯಾಸವನ್ನು ಗಮನಿಸುವುದು.

5. ಅಧಿಕೃತ ಜಾಲತಾಣವನ್ನು ಗುರುತಿಸುವ ಬಗೆ

ರಾಜ್ಯ ಸರ್ಕಾರದ ಸೇವಾ ಜಾಲತಾಣಗಳ ವಿಳಾಸವು ಸಾಮಾನ್ಯವಾಗಿ 'ಕರ್ನಾಟಕ ಡಾಟ್ ಗವ್ ಡಾಟ್ ಇನ್' ಎಂದು ಮುಕ್ತಾಯವಾಗುತ್ತದೆ. ಕೇಂದ್ರ ಸರ್ಕಾರದ ಜಾಲತಾಣಗಳು 'ಗವ್ ಡಾಟ್ ಇನ್' ಅಥವಾ 'ನಿಕ್ ಡಾಟ್ ಇನ್' ಎಂದು ಮುಕ್ತಾಯವಾಗುತ್ತವೆ. ವಿಳಾಸವನ್ನು ಪರಿಶೀಲಿಸುವಾಗ ಮೊದಲ ಓರೆಗೆರೆಯವರೆಗಿನ ಭಾಗವನ್ನು ಮಾತ್ರ ತೆಗೆದುಕೊಂಡು ಬಲದಿಂದ ಎಡಕ್ಕೆ ಓದುವುದು. 'ಸೇವಾಸಿಂಧು', 'ಕರ್ನಾಟಕ' ಎಂಬ ಪದಗಳು ವಿಳಾಸದ ಆರಂಭದಲ್ಲಿದ್ದು ಕೊನೆಯಲ್ಲಿ 'ಡಾಟ್ ಕಾಮ್' ಅಥವಾ ಬೇರೇನಾದರೂ ಇದ್ದಲ್ಲಿ ಅದನ್ನು ಸರ್ಕಾರದ್ದೆಂದು ನಂಬತಕ್ಕದ್ದಲ್ಲ.

ವಿಳಾಸದ ಪಕ್ಕದಲ್ಲಿ ಕಾಣುವ ಬೀಗದ ಚಿಹ್ನೆಯು ಮಾಹಿತಿಯು ದಾರಿಯಲ್ಲಿ ಕಳುವಾಗುವುದಿಲ್ಲ ಎಂಬುದನ್ನು ಮಾತ್ರ ಸೂಚಿಸುತ್ತದೆ. ಜಾಲತಾಣದ ಮಾಲೀಕರು ಯಾರು ಎಂಬುದಕ್ಕೆ ಅದು ಖಾತರಿಯಲ್ಲ. ನಕಲಿ ಜಾಲತಾಣದಲ್ಲಿಯೂ ಬೀಗದ ಚಿಹ್ನೆ ಇರಬಹುದು. ಹುಡುಕಾಟದ ಪುಟದಲ್ಲಿ ಮೇಲ್ಭಾಗದಲ್ಲಿ ಬರುವ 'ಪ್ರಾಯೋಜಿತ' ಎಂಬ ಗುರುತಿನ ಫಲಿತಾಂಶಗಳು ಜಾಹೀರಾತುಗಳಾಗಿರುತ್ತವೆ. ಒಮ್ಮೆ ಸರಿಯಾದ ವಿಳಾಸ ದೊರೆತ ನಂತರ ಕಂಟ್ರೋಲ್ ಮತ್ತು ಡಿ ಕೀಲಿಗಳನ್ನು ಒತ್ತಿ ಬುಕ್‌ಮಾರ್ಕ್ ಆಗಿ ಉಳಿಸಿಕೊಳ್ಳುವುದು.

6. ಸೈಬರ್ ಸೆಂಟರ್ ಅಥವಾ ಇತರರ ಗಣಕಯಂತ್ರ ಬಳಸುವಾಗ

1. ಕ್ರೋಮ್ ಬ್ರೌಸರ್‌ನಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಎನ್ ಕೀಲಿಗಳನ್ನು, ಫೈರ್‌ಫಾಕ್ಸ್‌ನಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಪಿ ಕೀಲಿಗಳನ್ನು ಒಟ್ಟಿಗೆ ಒತ್ತಿ ಖಾಸಗಿ ಕಿಟಕಿಯನ್ನು ತೆರೆಯುವುದು. ಈ ಕಿಟಕಿಯನ್ನು ಮುಚ್ಚಿದಾಗ ಲಾಗಿನ್ ವಿವರಗಳು ಗಣಕಯಂತ್ರದಲ್ಲಿ ಉಳಿಯುವುದಿಲ್ಲ. ಆದರೆ ಇಳಿಸಿಕೊಂಡ ಕಡತಗಳು ಉಳಿಯುತ್ತವೆ.
2. 'ಗುಪ್ತಪದವನ್ನು ಉಳಿಸಬೇಕೇ' ಎಂದು ಬ್ರೌಸರ್ ಕೇಳಿದಲ್ಲಿ 'ಬೇಡ' ಎಂಬುದನ್ನೇ ಆಯ್ಕೆ ಮಾಡುವುದು.
3. ಅರ್ಜಿಯಲ್ಲಿ ಅಂಗಡಿಯವರ ಮೊಬೈಲ್ ಸಂಖ್ಯೆ ಅಥವಾ ಇ-ಮೇಲ್ ವಿಳಾಸವನ್ನು ನಮೂದಿಸಲು ಅವಕಾಶ ನೀಡಬಾರದು. ತ್ವರಿತವಾಗಿ ಮುಗಿಯಲೆಂದು ಹೀಗೆ ಮಾಡಿದಲ್ಲಿ ಅರ್ಜಿ ತಿರಸ್ಕೃತವಾದ ಅಥವಾ ದಾಖಲೆ ಕೇಳಿದ ಸಂದೇಶವು ಅಂಗಡಿಗೆ ಹೋಗುತ್ತದೆ, ಅರ್ಜಿದಾರರಿಗೆ ತಿಳಿಯುವುದಿಲ್ಲ. ಮುಂದಿನ ವರ್ಷ ಅದೇ ಖಾತೆಗೆ ಲಾಗಿನ್ ಆಗಲೂ ತೊಂದರೆಯಾಗುತ್ತದೆ.
4. ಸಲ್ಲಿಸುವ ಗುಂಡಿಯನ್ನು ಒತ್ತುವ ಮುನ್ನ ಪರದೆಯ ಮೇಲಿನ ವಿವರಗಳನ್ನು ತಾವೇ ಓದಿ ನೋಡುವುದು. ಓದಲು ಬಾರದವರು ಜೊತೆಯಲ್ಲಿ ಬಂದವರಿಂದ ಗಟ್ಟಿಯಾಗಿ ಓದಿಸಿ ಕೇಳುವುದು. ಅಕ್ಷರ ಚಿಕ್ಕದಾಗಿದ್ದಲ್ಲಿ ಕಂಟ್ರೋಲ್ ಮತ್ತು ಪ್ಲಸ್ ಕೀಲಿಗಳಿಂದ ದೊಡ್ಡದಾಗಿಸಬಹುದು.
5. ವಿದ್ಯುತ್ ಕಡಿತವಾಗುವ ಸಂಭವವಿರುವುದರಿಂದ 'ಕರಡು ಉಳಿಸು' ಎಂಬ ಗುಂಡಿಯಿದ್ದಲ್ಲಿ ಪ್ರತಿ ಪುಟದ ನಂತರ ಅದನ್ನು ಒತ್ತುವುದು.
6. ಹೊರಡುವಾಗ ಲಾಗ್ ಔಟ್ ಮಾಡಿ, ಇಳಿಸಿಕೊಂಡ ಕಡತಗಳನ್ನು ಅಳಿಸಿ, ರೀಸೈಕಲ್ ಬಿನ್‌ನಿಂದಲೂ ತೆಗೆಯುವುದು. ಸ್ಕ್ಯಾನರ್ ಮತ್ತು ಜೆರಾಕ್ಸ್ ಯಂತ್ರದ ಮುಚ್ಚಳವನ್ನು ತೆರೆದು ಮೂಲ ದಾಖಲೆ ಅಲ್ಲಿಯೇ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳುವುದು.

7. ಗುಪ್ತಪದ, ಓಟಿಪಿ ಮತ್ತು ಆಧಾರ್

7.1 ಗುಪ್ತಪದ. ಹುಟ್ಟಿದ ವರ್ಷ, ಮೊಬೈಲ್ ಸಂಖ್ಯೆ, ಮಕ್ಕಳ ಹೆಸರು ಇವುಗಳನ್ನು ಗುಪ್ತಪದವಾಗಿ ಬಳಸಬಾರದು. ಸಂಬಂಧವಿಲ್ಲದ ಮೂರು ನಾಲ್ಕು ಪದಗಳನ್ನು ಜೋಡಿಸಿ ನಡುವೆ ಅಂಕೆ ಮತ್ತು ಚಿಹ್ನೆ ಸೇರಿಸಿದಲ್ಲಿ ನೆನಪಿಡಲು ಸುಲಭ, ಊಹಿಸಲು ಕಷ್ಟ. ಬ್ಯಾಂಕ್ ಮತ್ತು ಇ-ಮೇಲ್ ಖಾತೆಗಳಿಗೆ ಒಂದೇ ಗುಪ್ತಪದ ಬೇಡ. ಪುಸ್ತಕದಲ್ಲಿ ಬರೆದಿಡುವುದಾದರೆ ಆ ಪುಸ್ತಕ ಮನೆಯಲ್ಲಿರಲಿ, ಪಾಸ್‌ಬುಕ್ಕಿನ ಒಳಗೆ ಬೇಡ.

7.2 ಓಟಿಪಿ. ಓಟಿಪಿಯು ಅರ್ಜಿದಾರರ ಸಹಿಗೆ ಸಮಾನ. ಸಂದೇಶದಲ್ಲಿ ಅದು ಯಾವ ಉದ್ದೇಶಕ್ಕೆ ಬಂದಿದೆ ಎಂಬುದನ್ನು ಓದಿದ ನಂತರವೇ ನಮೂದಿಸುವುದು. ಯಾವ ಇಲಾಖೆಯ ಅಧಿಕಾರಿಯೂ ದೂರವಾಣಿಯ ಮೂಲಕ ಓಟಿಪಿ ಕೇಳುವುದಿಲ್ಲ.

7.3 ಇ-ಆಧಾರ್ ಕಡತ. ಇಳಿಸಿಕೊಂಡ ಇ-ಆಧಾರ್ ಕಡತವನ್ನು ತೆರೆಯಲು ಗುಪ್ತಪದ ಕೇಳಲಾಗುತ್ತದೆ. ಹೆಸರಿನ ಮೊದಲ 4 ಅಕ್ಷರಗಳನ್ನು ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಬರೆದು, ಅದರ ಮುಂದೆ ಹುಟ್ಟಿದ ವರ್ಷದ 4 ಅಂಕೆಗಳನ್ನು ಸೇರಿಸಿದಾಗ ಆಗುವ 8 ಅಕ್ಷರಗಳೇ ಆ ಗುಪ್ತಪದ. ಪೂರ್ಣ ಸಂಖ್ಯೆ ಅಗತ್ಯವಿಲ್ಲದ ಕಡೆ ಕೊನೆಯ 4 ಅಂಕೆಗಳು ಮಾತ್ರ ಕಾಣುವ 'ಮಾಸ್ಕ್ ಮಾಡಿದ ಆಧಾರ್' ಪ್ರತಿಯನ್ನು ನೀಡಬಹುದು.

7.4 ಬೆರಳಚ್ಚಿಗೆ ಬೀಗ. ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಮತ್ತು ಬೆರಳಚ್ಚು ಇದ್ದಲ್ಲಿ ಓಟಿಪಿ ಇಲ್ಲದೆಯೇ ಹಣ ತೆಗೆಯಬಹುದು. ನೋಂದಾಯಿತ ದಸ್ತಾವೇಜುಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ ಹಣ ತೆಗೆಯಲಾಗಿದೆ ಎಂಬ ದೂರುಗಳು 2023ರಲ್ಲಿ ರಾಜ್ಯದಲ್ಲಿ ದಾಖಲಾದವು. ಇದನ್ನು ತಡೆಯಲು ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಅಥವಾ ಅದರ ಮೊಬೈಲ್ ತಂತ್ರಾಂಶದಲ್ಲಿ ಬೆರಳಚ್ಚಿಗೆ ಬೀಗ ಹಾಕಿಕೊಳ್ಳಬಹುದು. ಬೀಗ ಹಾಕಿದ ನಂತರ ನ್ಯಾಯಬೆಲೆ ಅಂಗಡಿಯಲ್ಲಿ ಪಡಿತರಕ್ಕಾಗಿ ಬೆರಳು ಒತ್ತಿದರೂ ದೃಢೀಕರಣ ಆಗುವುದಿಲ್ಲ. ಆದ್ದರಿಂದ ಪಡಿತರಕ್ಕೆ ಹೋಗುವ ಮುನ್ನ ತಾತ್ಕಾಲಿಕವಾಗಿ ಬೀಗ ತೆರೆಯುವುದು.

7.5 ಮೊಬೈಲ್ ಸಂಖ್ಯೆ. ಬಹುಕಾಲ ಬಳಸದೆ ರದ್ದಾದ ಮೊಬೈಲ್ ಸಂಖ್ಯೆಯು ಬೇರೊಬ್ಬರಿಗೆ ಹಂಚಿಕೆಯಾಗುತ್ತದೆ. ಸಂಖ್ಯೆ ಬದಲಾದಲ್ಲಿ ಆಧಾರ್ ಮತ್ತು ಬ್ಯಾಂಕ್ ಖಾತೆಯಲ್ಲಿ ವಿಳಂಬವಿಲ್ಲದೆ ಬದಲಾಯಿಸಿಕೊಳ್ಳುವುದು.

8. ಶುಲ್ಕ ಪಾವತಿ

ಹಣ ಕಡಿತವಾಗಿಯೂ ಪರದೆಯ ಮೇಲೆ 'ವಿಫಲ' ಎಂದು ಬಂದಲ್ಲಿ ಅಥವಾ ಪುಟ ತೆರೆಯದಿದ್ದಲ್ಲಿ ತಕ್ಷಣ ಎರಡನೇ ಬಾರಿ ಪಾವತಿಸಬಾರದು. ಪಾವತಿಯ ಸಮಯದಲ್ಲಿ ಎಫ್5 ಕೀಲಿ ಅಥವಾ ಹಿಂದಕ್ಕೆ ಹೋಗುವ ಬಾಣವನ್ನು ಒತ್ತಬಾರದು. ಬ್ಯಾಂಕಿನ ಸಂದೇಶದಲ್ಲಿರುವ ವಹಿವಾಟಿನ ಸಂಖ್ಯೆಯನ್ನು ಬರೆದುಕೊಂಡು, ಸ್ವಲ್ಪ ಸಮಯದ ನಂತರ ಅರ್ಜಿಯ ಸ್ಥಿತಿಯನ್ನು ಪರಿಶೀಲಿಸಿ ಮುಂದುವರಿಯುವುದು. ಸರ್ಕಾರಿ ಶುಲ್ಕ ಮತ್ತು ಕೇಂದ್ರದ ಸೇವಾ ಶುಲ್ಕ ಬೇರೆ ಬೇರೆಯಾಗಿರುವುದರಿಂದ ಮುದ್ರಿತ ರಸೀದಿಯನ್ನು ಕೇಳಿ ಪಡೆಯುವುದು. ಹಣ ಪಡೆಯಲು ಯುಪಿಐ ಪಿನ್ ನಮೂದಿಸುವ ಅಗತ್ಯ ಎಂದಿಗೂ ಇರುವುದಿಲ್ಲ. ಪಿನ್ ಕೇಳಿದರೆಂದರೆ ಹಣ ಹೋಗುತ್ತಿದೆ ಎಂದೇ ಅರ್ಥ.

9. ಸ್ವೀಕೃತಿ ಮತ್ತು ಅರ್ಜಿಯ ಸ್ಥಿತಿ

ಅರ್ಜಿ ಸಲ್ಲಿಕೆಯಾಯಿತು ಎಂಬುದಕ್ಕೆ ಸ್ವೀಕೃತಿಯೇ ಪುರಾವೆ. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಗೆ ಒಳಪಟ್ಟ ಸೇವೆಗಳಿಗೆ 15 ಅಂಕೆಗಳ ಜಿಎಸ್‌ಸಿ ಸಂಖ್ಯೆಯನ್ನು ನೀಡಲಾಗುತ್ತದೆ. ಈ ವ್ಯವಸ್ಥೆಯು 2012ರ ಏಪ್ರಿಲ್‌ನಿಂದ ರಾಜ್ಯಾದ್ಯಂತ ಜಾರಿಗೆ ಬಂದಿತು. ನಿಗದಿತ ಅವಧಿಯೊಳಗೆ ಸೇವೆ ದೊರೆಯದಿದ್ದಲ್ಲಿ ಅಥವಾ ಅರ್ಜಿ ತಿರಸ್ಕೃತವಾದಲ್ಲಿ ಇದೇ ಸಂಖ್ಯೆಯ ಆಧಾರದ ಮೇಲೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ವಿಳಂಬಕ್ಕೆ ದಿನವೊಂದಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿಗಳವರೆಗೆ ಪರಿಹಾರ ವೆಚ್ಚವನ್ನು ಅಧಿನಿಯಮದಲ್ಲಿ ಕಲ್ಪಿಸಲಾಗಿದೆ. ಸಂಖ್ಯೆ ಇಲ್ಲದಿದ್ದಲ್ಲಿ ಈ ಹಕ್ಕನ್ನು ಚಲಾಯಿಸುವುದು ಕಷ್ಟ.

ಆದ್ದರಿಂದ ಸ್ವೀಕೃತಿಯನ್ನು ಮೂರು ಕಡೆ ಇಟ್ಟುಕೊಳ್ಳುವುದು: ಮುದ್ರಿತ ಪ್ರತಿಯೊಂದು, ಮೊಬೈಲ್‌ನಲ್ಲಿ ಚಿತ್ರವೊಂದು, ಮನೆಯ ಪುಸ್ತಕದಲ್ಲಿ ಕೈಬರಹದ ಸಂಖ್ಯೆಯೊಂದು. ಮುದ್ರಣ ಯಂತ್ರ ಇಲ್ಲದಿದ್ದಲ್ಲಿ ಕಂಟ್ರೋಲ್ ಮತ್ತು ಪಿ ಕೀಲಿಗಳನ್ನು ಒತ್ತಿ 'ಪಿಡಿಎಫ್ ಆಗಿ ಉಳಿಸು' ಎಂಬುದನ್ನು ಆಯ್ಕೆ ಮಾಡಿ ತಮ್ಮ ಇ-ಮೇಲ್‌ಗೆ ಕಳುಹಿಸಿಕೊಳ್ಳುವುದು.

ನಾಡಕಚೇರಿಯಿಂದ ಪಡೆದ ಜಾತಿ ಮತ್ತು ಆದಾಯ ಪ್ರಮಾಣ ಪತ್ರಗಳ ಮೇಲೆ ಆರ್‌ಡಿ ಎಂದು ಆರಂಭವಾಗುವ ಸಂಖ್ಯೆಯಿರುತ್ತದೆ. ವಿದ್ಯಾರ್ಥಿವೇತನ ಮತ್ತು ವೃತ್ತಿಪರ ಕೋರ್ಸುಗಳ ಪ್ರವೇಶದ ಅರ್ಜಿಗಳಲ್ಲಿ ಇದನ್ನೇ ಕೇಳಲಾಗುವುದರಿಂದ ವಿದ್ಯಾರ್ಥಿಗಳು ಇದನ್ನು ಪ್ರತ್ಯೇಕವಾಗಿ ಬರೆದಿಟ್ಟುಕೊಳ್ಳುವುದು.

10. ಉಪಯುಕ್ತ ಕೀಲಿಗಳ ಪಟ್ಟಿ (ವಿಂಡೋಸ್)

- ಕಂಟ್ರೋಲ್ + ಸಿ: ನಕಲು ಮಾಡಲು
- ಕಂಟ್ರೋಲ್ + ವಿ: ಅಂಟಿಸಲು
- ಕಂಟ್ರೋಲ್ + ಝಡ್: ಈಗ ಮಾಡಿದ್ದನ್ನು ರದ್ದುಪಡಿಸಲು
- ಕಂಟ್ರೋಲ್ + ಎಫ್: ಪುಟದಲ್ಲಿ ಒಂದು ಪದವನ್ನು ಹುಡುಕಲು (ಫಲಾನುಭವಿಗಳ ಉದ್ದನೆಯ ಪಟ್ಟಿಯಲ್ಲಿ ತಮ್ಮ ಹೆಸರು ನೋಡಲು ಉಪಯುಕ್ತ)
- ಕಂಟ್ರೋಲ್ + ಜೆ: ಇಳಿಸಿಕೊಂಡ ಕಡತಗಳ ಪಟ್ಟಿ ನೋಡಲು
- ಕಂಟ್ರೋಲ್ + ಶಿಫ್ಟ್ + ಟಿ: ಆಕಸ್ಮಿಕವಾಗಿ ಮುಚ್ಚಿದ ಪುಟವನ್ನು ಮತ್ತೆ ತೆರೆಯಲು (ಖಾಸಗಿ ಕಿಟಕಿಗೆ ಅನ್ವಯಿಸುವುದಿಲ್ಲ)
- ಟ್ಯಾಬ್: ಮುಂದಿನ ಅಂಕಣಕ್ಕೆ ಹೋಗಲು, ಶಿಫ್ಟ್ + ಟ್ಯಾಬ್: ಹಿಂದಿನ ಅಂಕಣಕ್ಕೆ ಮರಳಲು
- ವಿಂಡೋಸ್ + ಶಿಫ್ಟ್ + ಎಸ್: ಪರದೆಯ ಬೇಕಾದ ಭಾಗದ ಚಿತ್ರ ತೆಗೆಯಲು
- ವಿಂಡೋಸ್ + ಎಲ್: ಎದ್ದು ಹೋಗುವಾಗ ಗಣಕಯಂತ್ರಕ್ಕೆ ಬೀಗ ಹಾಕಲು

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕೊನೆಯ ದಿನ ಜಾಲತಾಣ ತೆರೆಯುತ್ತಿಲ್ಲ. ಏನು ಮಾಡಬೇಕು?
ಉತ್ತರ: ಕೊನೆಯ ದಿನಗಳಲ್ಲಿ ಒತ್ತಡ ಹೆಚ್ಚಿರುತ್ತದೆ. ಬೆಳಗಿನ ಜಾವ ಅಥವಾ ರಾತ್ರಿ ಪ್ರಯತ್ನಿಸಬಹುದು. ದೋಷದ ಸಂದೇಶ, ದಿನಾಂಕ ಮತ್ತು ಸಮಯ ಕಾಣುವಂತೆ ಪರದೆಯ ಚಿತ್ರ ತೆಗೆದಿಟ್ಟುಕೊಂಡು ಸಂಬಂಧಪಟ್ಟ ಕಚೇರಿಯ ಗಮನಕ್ಕೆ ತರುವುದು.

ಪ್ರಶ್ನೆ: ವಾಟ್ಸಾಪ್‌ನಲ್ಲಿ ಯೋಜನೆಯೊಂದರ ಹೆಸರಿನ ಎಪಿಕೆ ಕಡತ ಬಂದಿದೆ. ತೆರೆಯಬಹುದೇ?
ಉತ್ತರ: ತೆರೆಯಬಾರದು. ಇಂತಹ ಕಡತಗಳು ದೂರವಾಣಿಗೆ ಬರುವ ಓಟಿಪಿ ಸಂದೇಶಗಳನ್ನು ವಂಚಕರಿಗೆ ತಲುಪಿಸಬಲ್ಲವು. ತಂತ್ರಾಂಶಗಳನ್ನು ಪ್ಲೇ ಸ್ಟೋರ್‌ನಿಂದ, ಪ್ರಕಟಿಸಿದವರ ಹೆಸರನ್ನು ನೋಡಿಯೇ ಪಡೆಯುವುದು.

ಪ್ರಶ್ನೆ: ಅರ್ಜಿ ಮಂಜೂರಾಗಿದೆ, ಆದರೆ ಹಣ ಖಾತೆಗೆ ಬಂದಿಲ್ಲ. ಕಾರಣವೇನು?
ಉತ್ತರ: ನೇರ ನಗದು ವರ್ಗಾವಣೆಯ ಹಣವು ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಬ್ಯಾಂಕ್ ಖಾತೆಗೆ ಹೋಗುತ್ತದೆ. ಹೊಸ ಖಾತೆ ತೆರೆದಿದ್ದಲ್ಲಿ ಹಣ ಅಲ್ಲಿಗೆ ಹೋಗಿರುವ ಸಾಧ್ಯತೆಯಿದೆ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಬ್ಯಾಂಕ್ ಜೋಡಣೆಯ ಸ್ಥಿತಿಯನ್ನು ನೋಡುವುದು.

ಪ್ರಶ್ನೆ: ಪಹಣಿಯ ವಿವರಗಳನ್ನು ನೋಡಲು ಮಾತ್ರ ಶುಲ್ಕ ಕೊಡಬೇಕೇ?
ಉತ್ತರ: ಭೂದಾಖಲೆಗಳ ಜಾಲತಾಣದಲ್ಲಿ ಪಹಣಿಯ ವಿವರಗಳನ್ನು ಉಚಿತವಾಗಿ ವೀಕ್ಷಿಸಬಹುದು. ಕಚೇರಿಗೆ ಸಲ್ಲಿಸಬಹುದಾದ ದೃಢೀಕೃತ ಪ್ರತಿಗೆ ಮಾತ್ರ ಶುಲ್ಕವಿರುತ್ತದೆ.

12. ವಂಚನೆಗೆ ಒಳಗಾದಲ್ಲಿ

ಖಾತೆಯಿಂದ ಹಣ ಹೋಗಿರುವುದು ತಿಳಿದ ಕೂಡಲೇ 1930 ಸಂಖ್ಯೆಗೆ ಕರೆ ಮಾಡತಕ್ಕದ್ದು. ಹಣವು ಒಂದು ಖಾತೆಯಿಂದ ಮತ್ತೊಂದಕ್ಕೆ ಸಾಗುವ ಮುನ್ನವೇ ತಡೆಹಿಡಿಯಲು ಮೊದಲ ಕೆಲವು ಗಂಟೆಗಳು ಅತ್ಯಂತ ಮುಖ್ಯ. ನಂತರ ಬ್ಯಾಂಕಿಗೆ ತಿಳಿಸಿ, ರಾಷ್ಟ್ರೀಯ ಸೈಬರ್ ಅಪರಾಧ ವರದಿ ಜಾಲತಾಣದಲ್ಲಿ ಅಥವಾ ಹತ್ತಿರದ ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸುವುದು. ಸಂದೇಶಗಳನ್ನು ಮತ್ತು ಕರೆಗಳ ವಿವರವನ್ನು ಅಳಿಸಬಾರದು. ನಾಚಿಕೆಯಿಂದ ಮನೆಯವರಿಗೆ ಹೇಳದೆ ತಡಮಾಡಿದಷ್ಟೂ ಹಣ ಹಿಂದಿರುಗುವ ಸಾಧ್ಯತೆ ಕಡಿಮೆಯಾಗುತ್ತದೆ. ಆಧಾರ್‌ಗೆ ಸಂಬಂಧಿಸಿದ ಮಾಹಿತಿಗಾಗಿ 1947 ಸಂಖ್ಯೆಗೆ ಕರೆ ಮಾಡಬಹುದು.

13. ಸಾರ್ವಜನಿಕರಲ್ಲಿ ಕೋರಿಕೆ

ಗಣಕಯಂತ್ರ ಬಳಕೆ ತಿಳಿದಿರುವ ವಿದ್ಯಾರ್ಥಿಗಳು ಹಾಗೂ ಯುವಕ ಯುವತಿಯರು ತಮ್ಮ ಮನೆಯ ಹಿರಿಯರ ಅರ್ಜಿಗಳನ್ನು ಭರ್ತಿ ಮಾಡುವಾಗ ಮೇಲ್ಕಂಡ ಅಂಶಗಳನ್ನು ಅವರಿಗೂ ವಿವರಿಸಿ, ಸ್ವೀಕೃತಿಯ ಪ್ರತಿಯನ್ನು ಅವರ ಕೈಗೇ ನೀಡಬೇಕೆಂದು ಕೋರಲಾಗಿದೆ. ಯಾವುದೇ ಸಂದೇಹವಿದ್ದಲ್ಲಿ ಸ್ವೀಕೃತಿ ಸಂಖ್ಯೆಯೊಂದಿಗೆ ನಾಡಕಚೇರಿ ಅಥವಾ ತಾಲ್ಲೂಕು ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸುವುದು. ಶುಲ್ಕ ಹಾಗೂ ಅರ್ಜಿ ನಮೂನೆಗಳು ಕಾಲಕಾಲಕ್ಕೆ ಪರಿಷ್ಕರಣೆಯಾಗುವುದರಿಂದ ಅರ್ಜಿ ಸಲ್ಲಿಸುವ ದಿನದಂದು ಸಂಬಂಧಪಟ್ಟ ಜಾಲತಾಣದಲ್ಲಿನ ಸೂಚನೆಗಳನ್ನು ಓದಿಕೊಳ್ಳತಕ್ಕದ್ದು.